ಬೆಸುಗೆಯೇ ಇಲ್ಲದ ಜಾಗದ ಬಿರುಕು

ಇಪ್ಪತ್ತು ನಿಮಿಷ ಕಾಯಬೇಕಿತ್ತು. ನಾನು ಏಳು ನಿಮಿಷವೂ ಕಾಯಲಿಲ್ಲ. ಹೇಳಲು ಇಷ್ಟೇ. ಆದರೆ ಇಷ್ಟನ್ನು ನನ್ನ ಅಣ್ಣನ ಎದುರು ಹೇಳುವುದಕ್ಕೆ ನನಗೆ ಆರು ವರ್ಷ ಹಿಡಿಯಿತು. ಅದೂ ನನ್ನ ಸ್ವಂತ ಧೈರ್ಯದಿಂದ ಹೇಳಿದೆ ಎಂದುಕೊಳ್ಳುವ ಹಾಗಿಲ್ಲ. ಕಮಲಾಪುರದಲ್ಲಿ ಒಂದು ಮಧ್ಯಾಹ್ನ, ಉಕ್ಕಿನ ಪ್ಲೇಟಿನ ಮೇಲೆ, ಒಂದು ಗುರುತು ಕಂಡೆ. ಅದು ಅಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅದು ಏನು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ಬರೆದು ರೂಢಿಯಿಲ್ಲ. ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಮಾತಾಡುವುದು, ಇಂಥವನ್ನು ನಾನು ನಂಬಿದವನೂ ಅಲ್ಲ. ಶಹಾಬಜಾರ ಓಣಿಯ ನಮ್ಮ ಮನೆಯಲ್ಲಿ ಅವ್ವ ಅಮಾವಾಸ್ಯೆಗೊಮ್ಮೆ ಉಪ್ಪು ಮೆಣಸಿನಕಾಯಿ ಹಿಡಿದು ನಮ್ಮಿಬ್ಬರ ದೃಷ್ಟಿ ತೆಗೆಯುವಾಗ ನಾನು ನಗುತ್ತ ಕೂತಿರುತ್ತಿದ್ದೆ. ಇಂಥ ಕಥೆ ಯಾರಾದರೂ ಹೇಳಿದರೆ, ಅವರಿಗೆ ಜ್ವರ ಇತ್ತೋ, ಕುಡಿದಿದ್ದರೋ ಎಂದು ಮೊದಲು ವಿಚಾರಿಸುತ್ತಿದ್ದೆ. ನೀವೂ ನನ್ನ ಬಗ್ಗೆ ಹಾಗೆ ವಿಚಾರಿಸಿದರೆ ಬೇಜಾರಿಲ್ಲ. ಜ್ವರ ಇರಲಿಲ್ಲ, ಕುಡಿಯುವ ಚಟ ನನಗಿಲ್ಲ, ಹೊತ್ತು ನಡುಮಧ್ಯಾಹ್ನ.

ನನ್ನ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಬ್ಬಿಣ ಉಕ್ಕಿನ ಭಾಗಗಳನ್ನು ಕತ್ತರಿಸದೆ, ಒಡೆಯದೆ, ಅವುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ಹುಡುಕುವುದು. ಇದಕ್ಕೆ ದೊಡ್ಡ ದೊಡ್ಡ ಯಂತ್ರಗಳಿವೆ, ಎಕ್ಸ್‌ರೇ ಇದೆ. ನನಗೆ ಗೊತ್ತಿರುವುದು ಎಲ್ಲಕ್ಕಿಂತ ಸಾದಾ ಪರೀಕ್ಷೆ. ಬೆಸುಗೆ ಹಾಕಿದ ಜಾಗವನ್ನು ಎಣ್ಣೆ, ತುಕ್ಕು ಇಲ್ಲದಂತೆ ಒರೆಸಿ, ನೀರಿಗಿಂತ ತೆಳುವಾದ ಒಂದು ಕೆಂಪು ಬಣ್ಣ ಹಚ್ಚುತ್ತೇವೆ. ಕೂದಲೆಳೆಯಷ್ಟು ಬಿರುಕಿದ್ದರೂ ಬಣ್ಣ ಒಳಗೆ ಇಳಿಯುತ್ತದೆ. ಅದಕ್ಕೆ ಹೊತ್ತು ಬೇಕು. ಆಮೇಲೆ ಮೇಲಿನ ಬಣ್ಣವನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆದು, ಸುಣ್ಣದಂಥ ಬಿಳಿ ಪುಡಿಯನ್ನು ತೆಳ್ಳಗೆ ಸಿಂಪಡಿಸಿದರೆ, ಬಿರುಕಿನೊಳಗೆ ಕೂತ ಕೆಂಪು ಹೊರಗೆ ಬಂದು ಬಿಳಿಯ ಮೇಲೆ ಗೆರೆಯಾಗಿ ಕಾಣುತ್ತದೆ. ಬಿರುಕಿಲ್ಲದಿದ್ದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ಇದನ್ನು ನನಗೆ ಕಲಿಸಿದವರು ಇಸ್ಮಾಯಿಲ್ ಮಿಸ್ತ್ರಿ. ಆಗ ಅವರಿಗೆ ಐವತ್ತು ದಾಟಿತ್ತು. ಬಣ್ಣ ಹಚ್ಚಿದ ಮೇಲೆ ಪಕ್ಕದಲ್ಲೇ ಒಂದು ಡಬ್ಬದ ಮೇಲೆ ಕೂತು ಕಾಯುವರು, ಬೀಡಿ ಸಹ ಸೇದುತ್ತಿರಲಿಲ್ಲ. ನಾನು ಚಡಪಡಿಸಿದರೆ ಹೇಳುವರು: "ನಾವು ಒಳಗ ಹೋಗಾಕ ಆಗಂಗಿಲ್ಲ ಬೇಟಾ. ಅದಕ್ಕ ಬಣ್ಣಾನ ಕಳಸೀವಿ. ಅದು ಹೋಗಬೇಕು, ನೋಡಬೇಕು, ತಿರುಗಿ ಬಂದು ನಮಗ ಹೇಳಬೇಕು. ಜರಾ ಸಬರ್ ಮಾಡು."

ನಾನಿದ್ದ ವರ್ಕ್‌ಶಾಪಿನಲ್ಲೇ ನನ್ನ ಅಣ್ಣ ಶರಣಪ್ಪ ವೆಲ್ಡರ್ ಆಗಿದ್ದ. ನನಗಿಂತ ಐದು ವರ್ಷ ದೊಡ್ಡವ. ಅಪ್ಪ ಹೋದ ಮೇಲೆ ಅವನೇ ಮನೆ ನಡೆಸಿದವನು, ನನ್ನನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ. ಅವನ ಬೆಸುಗೆ ನೋಡಿದರೆ ಯಾರೋ ಹೆಣ್ಣುಮಗಳು ಬಿಗಿಯಾಗಿ ಹೆರಳು ಹಾಕಿದ ಹಾಗೆ, ಒಂದೇ ಸಮ. ನಮ್ಮ ಊರನ್ನು ಆಗ ಗುಲಬರ್ಗಾ ಎನ್ನುತ್ತಿದ್ದರು. ಎಣ್ಣೆ ಗಿರಣಿ, ಬೇಳೆ ಗಿರಣಿಯ ಮಾಲೀಕರು ಕೆಲಸ ಕೊಡಲು ಬಂದರೆ "ಶರಣಪ್ಪನ ಕೈಲೇ ಮಾಡಸ್ರಿ" ಎಂದು ಹೇಳಿಯೇ ಹೋಗುತ್ತಿದ್ದರು. ನನ್ನ ಉಗುರಿನ ಸಂದಿಯಲ್ಲಿ ಸದಾ ಕೆಂಪು ಇರುತ್ತಿದ್ದುದಕ್ಕೆ ಅಣ್ಣ ಬಂದವರ ಮುಂದೆಲ್ಲ ನಗಾಡುವನು: "ನಮ್ಮ ತಮ್ಮಗ ವರ್ಷೆಲ್ಲಾ ಹೋಳಿ ನೋಡ್ರಿ." ಆದರೆ ತನ್ನ ಬೆಸುಗೆಯನ್ನು ನಾನು ಪರೀಕ್ಷೆ ಮಾಡುವಾಗ ನಗುತ್ತಿರಲಿಲ್ಲ. ಸ್ವಲ್ಪ ದೂರ ಹೋಗಿ ನಿಂತುಬಿಡುತ್ತಿದ್ದ, ಪರೀಕ್ಷೆಗೆ ಕೂತ ಹುಡುಗನ ತಂದೆಯಂತೆ.

ತೊಂಬತ್ತರ ದಶಕದ ನಡುವಿನ ಮಾತು. ಚಳಿಗಾಲ. ಒಂದು ಕುಸುಬೆ ಎಣ್ಣೆ ಗಿರಣಿಯಿಂದ ಬೀಜ ಬೇಯಿಸುವ ಉಗಿಯ ಪಾತ್ರೆಯೊಂದು ದುರಸ್ತಿಗೆ ಬಂದಿತ್ತು. ಆಳೆತ್ತರದ ಪಾತ್ರೆ. ಅದರ ತಳಕ್ಕೆ ಉಗಿ ಬರುವ ಕೊಳವೆಯ ಹೊಸ ಬಾಯಿಯನ್ನು ಕೂಡಿಸಬೇಕಿತ್ತು. ಅಣ್ಣ ನೆಲದ ಮೇಲೆ ಅಂಗಾತ ಮಲಗಿ, ಕಿಡಿಯೆಲ್ಲ ಎದೆಯ ಮೇಲೆ ಬೀಳುತ್ತಿರಲು, ಕೆಳಗಿನಿಂದ ಮೇಲಕ್ಕೆ ಬೆಸುಗೆ ಹಾಕಿದ. ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮೂರು ಗಂಟೆಗೆ ಟೆಂಪೋ ಬರುವುದಿತ್ತು. ಇಸ್ಮಾಯಿಲ್ ಮಿಸ್ತ್ರಿ ಅವತ್ತು ರಜೆ ಹಾಕಿದ್ದರು. ಅಣ್ಣ ಎದ್ದು ಬೆನ್ನು ಝಾಡಿಸಿಕೊಂಡು ನನಗೆ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಕಡೀಕ ರಾಡ್ ಎತ್ತೂ ಮುಂದ ಕರೆಂಟ್ ಕುಂತಿತ್ತು ತಮ್ಮಾ. ಆ ಜಾಗ ಒಂದೀಟು ಸರೀ ನೋಡು. ಅಣ್ಣಂದು ಅಂತ ಬಿಡಬ್ಯಾಡ."

ಬೆಸುಗೆ ಮುಗಿಸಿ, ಕರಗಿ ಬೆಸುಗೆಯಾಗುವ ಆ ರಾಡನ್ನು ಎತ್ತುವ ಜಾಗದಲ್ಲಿ ಒಂದು ಸಣ್ಣ ಕುಳಿ ಉಳಿಯುತ್ತದೆ. ಆ ಕ್ಷಣಕ್ಕೆ ಕರೆಂಟ್ ಇಳಿದರೆ ಕುಳಿ ತುಂಬುವುದಿಲ್ಲ, ತಣ್ಣಗಾಗುವಾಗ ಅಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಡಬಹುದು. ಅಣ್ಣನಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು. ಎಲ್ಲಿ ನೋಡಬೇಕೆಂದು ಅವನೇ ಬೆರಳಿಟ್ಟು ತೋರಿಸಿ ಊಟಕ್ಕೆ ಹೋದ.

ವರ್ಕ್‌ಶಾಪಿನ ಎದುರಿನ ಚಹಾದ ಹೋಟೆಲಿನಲ್ಲಿ ಟಿವಿ ಇತ್ತು. ಅವತ್ತು ಕ್ರಿಕೆಟ್ ಮ್ಯಾಚು, ಕೊನೆಯ ಓವರುಗಳು. ನಾನು ಬಣ್ಣ ಹಚ್ಚುತ್ತಿರುವಾಗಲೇ ಅಲ್ಲಿ ಹೋ ಎಂಬ ಸದ್ದು ಎದ್ದಿತು. ಚಳಿಯಲ್ಲಿ ಬಣ್ಣ ನಿಧಾನಕ್ಕೆ ಇಳಿಯುತ್ತದೆ, ಇಪ್ಪತ್ತು ನಿಮಿಷವೂ ಕಡಿಮೆಯೇ. ಬಣ್ಣ ಹಚ್ಚಿಟ್ಟು ಮ್ಯಾಚು ನೋಡಿ ಬಂದಿದ್ದರೂ ಆಗುತ್ತಿತ್ತು, ಆದರೆ ಕೆಲಸ ಅರ್ಧಕ್ಕೆ ಬಿಟ್ಟು ಹೋದದ್ದನ್ನು ಮಾಲೀಕ ನೋಡಿದರೆ ಬೈಯುತ್ತಾನೆ ಎಂದು ಮುಗಿಸಿಯೇ ಹೋಗೋಣ ಎಂದುಕೊಂಡೆ. ಮತ್ತೊಂದು ಸದ್ದು ಎದ್ದಾಗ ತಡೆಯಲಾಗಲಿಲ್ಲ. ಬಟ್ಟೆಯಿಂದ ಮೆಲ್ಲಗೆ ಒರೆಸುವ ಬದಲು ತೊಳೆಯುವ ದ್ರವದ ಡಬ್ಬಿಯನ್ನೇ ಬೆಸುಗೆಯ ಮೇಲೆ ನೇರ ಹಿಡಿದು ಚಿಮ್ಮಿಸಿದೆ. ಹಾಗೆ ಮಾಡಬಾರದೆಂಬುದು ಈ ಕೆಲಸದ ಮೊದಲ ಪಾಠ, ಒಳಗಿಳಿದ ಅಷ್ಟಿಷ್ಟು ಬಣ್ಣವೂ ಕೊಚ್ಚಿಕೊಂಡು ಹೋಗುತ್ತದೆ. ಬಿಳಿ ಪುಡಿ ಸಿಂಪಡಿಸಿದೆ. ಎಲ್ಲ ಬಿಳಿಯಾಗಿತ್ತು. ಸೀಮೆಸುಣ್ಣದಿಂದ ಪಕ್ಕದಲ್ಲಿ "ಓಕೆ" ಎಂದು ಬರೆದು ಹೋಟೆಲಿಗೆ ಓಡಿದೆ. ನಾನು ಹೋಗುವಷ್ಟರಲ್ಲಿ ಕರೆಂಟ್ ಹೋಗಿ ಟಿವಿ ಆರಿತ್ತು.

ಮೂರು ವಾರದ ಮೇಲೆ ಗಿರಣಿಯವರು ಅಣ್ಣನನ್ನು ಕರೆಸಿದರು. ಪಾತ್ರೆಯ ತಳದಲ್ಲಿ ಎಲ್ಲೋ ಸುಂಯ್ ಎನ್ನುತ್ತದೆ, ಬಂದು ನೋಡು ಎಂದು. ಅಣ್ಣ ಬಗ್ಗಿ, ಉಗಿ ಎಲ್ಲಿಂದ ಸೋರುತ್ತಿದೆ ಎಂದು ಬಲಗೈ ಅಡ್ಡ ಹಿಡಿದಾಗ ಕೊಳವೆಯ ಬಾಯಿ ಹರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದುಹೋಯಿತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಗಾಯ ಮಾಯಿತು, ಬೆರಳು ಮಾತ್ರ ಮಡಚಿಕೊಂಡು ಉಳಿದವು. ವೆಲ್ಡಿಂಗ್ ಹೋಲ್ಡರ್ ಹಿಡಿಯುವ ಕೈ ಅದು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಗಿರಣಿಯ ಮಾಲೀಕರು ವರ್ಕ್‌ಶಾಪಿಗೆ ಬಂದು ಎಲ್ಲರನ್ನೂ ಕೂಡಿಸಿ ಕೇಳಿದರು. ಪರೀಕ್ಷೆ ಸರಿಯಾಗಿ ಆಗಿತ್ತೇ ಎಂಬ ಪ್ರಶ್ನೆ ಬಂತು. ನಾನು ಬಾಯಿ ತೆರೆಯುವ ಮುಂಚೆಯೇ ಅಣ್ಣ, ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಿದ: "ನಮ್ಮ ತಮ್ಮ ನೋಡ್ಯಾನ್ರಿ. ಅವನ ಕೆಲಸದಾಗ ಏನೂ ಅನ್ನಂಗಿಲ್ಲ. ತಪ್ಪಿದ್ರ ನನ್ನ ಕೈದು."

ನಾನು ಆಗ ಹೇಳಬಹುದಿತ್ತು. ಹೇಳಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ಹರಿದು ಬಿದ್ದ ಕೊಳವೆಯ ಬಾಯಿಯನ್ನು ಗಿರಣಿಯವರು ವರ್ಕ್‌ಶಾಪಿನಲ್ಲೇ ಬಿಟ್ಟು ಹೋಗಿದ್ದರು. ಅಣ್ಣ ನನ್ನನ್ನು ಕರೆದು, ಅದಕ್ಕೆ ಮತ್ತೊಮ್ಮೆ ಬಣ್ಣ ಹಾಕಿ ನೋಡು, ಕಡೆಯ ಜಾಗದಲ್ಲಿ ಏನಾದರೂ ಇತ್ತೋ ಹೇಗೆ, ನನಗೆ ತಿಳಿಯಬೇಕು ಎಂದ. ಒಬ್ಬನೇ ಕೂತು ಈ ಸಲ ಪೂರ್ತಿ ಹೊತ್ತು ಕಾದೆ. ಬಿಳಿ ಹಾಕಿ ಎರಡು ನಿಮಿಷ ಆಗಿರಲಿಲ್ಲ, ಬಂತು. ಕಾಗೆಯ ಕಾಲಿನ ಹಾಗೆ ಮೂರು ಬೆರಳು. ಎರಡು ಗಿಡ್ಡ, ಒಂದು ಉದ್ದ. ಉದ್ದದ್ದು ತುದಿಯಲ್ಲಿ ಎಡಕ್ಕೆ ಬಾಗಿತ್ತು, ಹರಿದದ್ದು ಅಲ್ಲಿಂದಲೇ. ಅಂದು ಇಪ್ಪತ್ತು ನಿಮಿಷ ಕಾದಿದ್ದರೆ ಇದೇ ಕಾಣುತ್ತಿತ್ತು. ಅಣ್ಣ ಗ್ರೈಂಡರ್ ಹಿಡಿದು ಅಷ್ಟನ್ನು ಉಜ್ಜಿ ತೆಗೆದು ಐದು ನಿಮಿಷದಲ್ಲಿ ಮತ್ತೆ ತುಂಬುತ್ತಿದ್ದ.

ನಾನು ಬಟ್ಟೆ ತೆಗೆದುಕೊಂಡು ಅದನ್ನು ಒರೆಸಿಬಿಟ್ಟೆ. ಆ ತುಂಡನ್ನು ಅದೇ ದಿನ ಗುಜರಿಗೆ ಹಾಕಿದೆ. ಏನೂ ಬರಲಿಲ್ಲ ಎಂದು ಅಣ್ಣನಿಗೆ ಹೇಳಿದೆ.

ಅವನು ಪಟ್ಟಿ ಸುತ್ತಿದ ಕೈಯನ್ನು ನೋಡಿಕೊಂಡ. ಆಮೇಲೆ, "ಹಂಗಾದ್ರ ಒಳಗ ಕೂಡೇ ಇದ್ದಿಲ್ಲ. ಅಲ್ಲೀಮಟ ಬಣ್ಣ ಹೋಗಂಗಿಲ್ಲ. ನಂದೇ ಕೈ ಕೆಟ್ಟಿತ್ತು" ಎಂದ.

ಅವನ ಲೆಕ್ಕ ಸರಿಯಾಗಿತ್ತು. ಮೇಲಕ್ಕೆ ತೆರೆದ ಬಿರುಕನ್ನು ಮಾತ್ರ ಬಣ್ಣ ತೋರಿಸುತ್ತದೆ. ಬೆಸುಗೆ ಆಳದಲ್ಲಿ ಬೆರೆತೇ ಇಲ್ಲದಿದ್ದರೆ ತೋರಿಸುವುದಿಲ್ಲ, ಅದು ಪೂರ್ತಿ ವೆಲ್ಡರನ ತಪ್ಪು. ನಾನು ಹೇಳಿದ ಸುಳ್ಳಿನಿಂದ ಅವನು ತನ್ನ ಮೇಲೆ ತಾನೇ ತೀರ್ಪು ಬರೆದುಕೊಂಡ. ಊರಲ್ಲೂ ಅದೇ ಮಾತಾಯಿತು. ಶರಣಪ್ಪನ ಬೆಸುಗೆ ಶರಣಪ್ಪನ ಕೈಯನ್ನೇ ತಿಂತು ಎಂದು ಚಹಾದ ಹೋಟೆಲಿನಲ್ಲಿ ನನ್ನೆದುರೇ ಆಡಿಕೊಂಡರು. ನಾನು ಚಹಾ ಕುಡಿದು ಎದ್ದು ಬಂದೆ.

ಅಣ್ಣ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುಲಬರ್ಗಾದ ಹತ್ತಿರದ ಕಮಲಾಪುರಕ್ಕೆ ಹೋದ. ಅದು ನಮ್ಮ ವೈನಿಯ, ಅಂದರೆ ಅತ್ತಿಗೆಯ, ತವರು. ಅಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಿದ. ಜೋಳ, ಗೋಧಿ ಬೀಸುವುದು ಎಡಗೈಯಲ್ಲೂ ಆಗುವ ಕೆಲಸ. ನಾನು ಎರಡು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಊಟ ಹಾಕಿಸಿ, ಬರುವಾಗ ಅಲ್ಲಿಯ ಕೆಂಪು ಬಾಳೆಹಣ್ಣು ಕಟ್ಟಿ ಅವ್ವನಿಗೆಂದು ಕೊಡುತ್ತಿದ್ದ. ಒಮ್ಮೆ ಗುಲಬರ್ಗಾದ ಜೇವರ್ಗಿ ಕಾಲೋನಿಯ ಒಬ್ಬರು ವೆಲ್ಡಿಂಗ್ ಕಲಿಸುವ ಸಣ್ಣ ಶಾಲೆ ತೆರೆಯುತ್ತಿದ್ದೇವೆ, ಕೈ ಹೋದರೇನು, ಬಾಯಲ್ಲಿ ಹೇಳಿ ಕಲಿಸು, ಬಾ ಎಂದು ನನ್ನ ಮೂಲಕ ಹೇಳಿ ಕಳಿಸಿದ್ದರು. ಅವನು ಒಪ್ಪಲಿಲ್ಲ. ತನ್ನ ಕೈಯನ್ನು ನಂಬಿ ಯಾರೂ ಕಲಿಯುವುದು ಬೇಡ ಎಂದ. ಅದೇ ಮೊದಲ ಬಾರಿಗೆ ವೈನಿ ನನ್ನ ಮುಂದೆ ಅತ್ತರು. ಅವನು ರಸ್ತೆಯಲ್ಲಿ ಎಲ್ಲಾದರೂ ವೆಲ್ಡಿಂಗ್ ಕಿಡಿ ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ, ಕಣ್ಣಿಗೆ ಕೆಟ್ಟದ್ದೆಂದು ಸುಳ್ಳು ಹೇಳುತ್ತಾನೆ ಎಂದರು. ಆ ದಿನ ಬಸ್ಸಿನಲ್ಲಿ ಬರುವಾಗ ಮುಂದಿನ ಸಲ ಹೇಳಿಬಿಡುತ್ತೇನೆ ಎಂದುಕೊಂಡೆ. ಮುಂದಿನ ಸಲವೂ ಹಣ್ಣು ಹಿಡಿದುಕೊಂಡು ಬಂದೆ.

ಆ ಆರು ವರ್ಷ ನಾನು ಗಡಿಯಾರ ನೋಡದೆ ಒಂದು ಪರೀಕ್ಷೆಯನ್ನೂ ಮಾಡಲಿಲ್ಲ. ಇಪ್ಪತ್ತು ನಿಮಿಷದ ಕಡೆ ಮೂವತ್ತು ಕಾಯುತ್ತಿದ್ದೆ. ನನ್ನಷ್ಟು ನಿಗಾ ಇಟ್ಟು ನೋಡುವವರಿಲ್ಲ ಎಂದು ಜನ ಹೊಗಳಿದಾಗ ಎಲ್ಲಿಯಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತಿತ್ತು.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಬೇಸಿಗೆ. ಕಮಲಾಪುರದ ಹೊರಗೆ ಒಂದು ಎಣ್ಣೆ ಗಿರಣಿ, ಅಲ್ಲಿಯ ಬಾಯ್ಲರನ್ನು ವರ್ಷಕ್ಕೊಮ್ಮೆ ನೋಡುವ ಇನ್‌ಸ್ಪೆಕ್ಟರ್ ಬರುವುದಿತ್ತು. ಅದಕ್ಕೂ ಮುಂಚೆ ಬೆಸುಗೆಗಳನ್ನು ಪರೀಕ್ಷಿಸಲು ನಾನು ಮತ್ತು ಇಸ್ಮಾಯಿಲ್ ಮಿಸ್ತ್ರಿ ಬೆಳಗಿನ ಬಸ್ಸಿಗೆ ಹೋಗಿದ್ದೆವು. ಮಿಸ್ತ್ರಿಗೆ ವಯಸ್ಸಾಗಿತ್ತು, ಕೈ ಸ್ವಲ್ಪ ನಡುಗುತ್ತಿತ್ತು. ಕೆಲಸ ನಾನು ಮಾಡುವುದು, ಅವರು ಬೇವಿನ ನೆರಳಲ್ಲಿ ಕೂತು ನೋಡುವುದು. ಬಾಯ್ಲರ್ ಆರಿಸಿ ಎರಡು ದಿನವಾಗಿತ್ತು. ಒಂದು ಉದ್ದ ಬೆಸುಗೆಗೆ ಬಣ್ಣ ಹಚ್ಚಿದೆ, ಎರಡೂ ಪಕ್ಕಕ್ಕೆ ಒಂದು ಗೇಣಿನಷ್ಟು ಪ್ಲೇಟಿನ ಮೇಲೂ ಹರಡಿಕೊಂಡಿತು. ಅರ್ಧ ಗಂಟೆ ಕಾದೆ. ಬಟ್ಟೆಯಿಂದ ಒರೆಸಿದೆ. ಬಿಳಿ ಹಾಕಿದೆ.

ಬೆಸುಗೆಯ ಮೇಲೆ ಏನೂ ಬರಲಿಲ್ಲ. ಅದರಿಂದ ಒಂದು ಗೇಣು ದೂರದಲ್ಲಿ, ಬರೀ ಪ್ಲೇಟಿನ ಮೇಲೆ, ಒಂದು ಕೆಂಪು ಚುಕ್ಕೆ ಮೂಡಿತು. ಬಣ್ಣದ ಹನಿ ಉಳಿದಿರಬೇಕು ಎಂದು ನೋಡುತ್ತಿದ್ದೆ. ಚುಕ್ಕೆಯಿಂದ ಒಂದು ಗೆರೆ ಹೊರಟಿತು, ಅದರ ಪಕ್ಕ ಮತ್ತೊಂದು. ಮೂರನೆಯದು ಇವೆರಡಕ್ಕಿಂತ ಉದ್ದಕ್ಕೆ ಹೋಗಿ, ತುದಿಯಲ್ಲಿ ಎಡಕ್ಕೆ ಬಾಗಿ ನಿಂತಿತು.

ಹನಿ ಉಳಿದರೆ ಕಲೆ ದುಂಡಗೆ ಹರಡುತ್ತದೆ, ಹೀಗೆ ಬೆರಳು ಬಿಡುವುದಿಲ್ಲ. ರಾಡ್ ಎತ್ತಿದ ಕುಳಿಯಲ್ಲಿ ಮಾತ್ರ ಬರುವ ಬಿರುಕು ಇದು. ಆ ಜಾಗದಲ್ಲಿ ಯಾರೂ ಎಂದೂ ಬೆಸುಗೆ ಹಾಕಿರಲಿಲ್ಲ. ಅದನ್ನೆಲ್ಲ ನಾನು ಆಮೇಲೆ ಯೋಚಿಸಿದ್ದು. ಆ ಗಳಿಗೆಯಲ್ಲಿ ತಲೆಗೆ ಬಂದದ್ದು ಒಂದೇ, ಈ ಆಕಾರವನ್ನು ನೋಡಿದವನು ಲೋಕದಲ್ಲಿ ನಾನೊಬ್ಬನೇ. ನೋಡಿ, ಒರೆಸಿ, ಗುಜರಿಗೆ ಹಾಕಿದವನೂ ನಾನೇ.

ಮಿಸ್ತ್ರಿಗೆ ಹೇಳಲಿಲ್ಲ. ಅಭ್ಯಾಸ ಎಂಬುದು ಹೇಗಿರುತ್ತದೆ ನೋಡಿ, ಕೈಯಲ್ಲಿದ್ದ ಬಟ್ಟೆಯಿಂದ ಮೊದಲು ಒರೆಸಿಯೇಬಿಟ್ಟೆ. ಪ್ಲೇಟು ಹೊಳೆಯುವಂತೆ ಉಜ್ಜಿ, ಭೂತಗನ್ನಡಿ ಹಿಡಿದು ನೋಡಿದೆ. ಗೀಚು ಸಹ ಇರಲಿಲ್ಲ. ಸಣ್ಣಗೆ ಗ್ರೈಂಡರ್ ಆಡಿಸಿ ಹೊಸ ಲೋಹ ಕಾಣುವಂತೆ ಮಾಡಿದೆ. ಮತ್ತೆ ಬಣ್ಣ ಹಚ್ಚಿ ಮತ್ತೆ ಅರ್ಧ ಗಂಟೆ ಕೂತೆ. ಈ ಸಲ ಅದು ಬರಲು ತಡವಾಯಿತು. ಬರಲಿಲ್ಲವಲ್ಲ ಎಂದು ಉಸಿರು ಬಿಡುವ ಹೊತ್ತಿಗೆ ಮೊದಲು ಉದ್ದ ಬೆರಳು ಕಾಣಿಸಿಕೊಂಡಿತು, ಆಮೇಲೆ ಗಿಡ್ಡವೆರಡು.

ನನ್ನ ಮುಖ ನೋಡಿ ಮಿಸ್ತ್ರಿಯೇ ಎದ್ದು ಬಂದರು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ನನ್ನ ಡಬ್ಬಿ ಬೇಡ ಎಂದು ತಮ್ಮ ಚೀಲದಿಂದ ಹೊಸದು ತೆಗೆದು, ನಡುಗುವ ಕೈಯಲ್ಲೇ ಎಲ್ಲವನ್ನೂ ಮೊದಲಿನಿಂದ ತಾವೇ ಮಾಡಿದರು. ಅವರು ಡಬ್ಬದ ಮೇಲೆ ಕೂತು ಕಾದರು, ನಾನು ಗೋಡೆಗೆ ಒರಗಿ ನಿಂತೆ. ಮೂರನೆಯ ಸಲವೂ ಬಂತು.

"ಇದು ರಾಡ್ ಎತ್ತಿದ ಜಾಗದ್ದು," ಎಂದರು ಮಿಸ್ತ್ರಿ. "ಇಲ್ಲಿ ರಾಡ್ ಹಚ್ಚಿದವರು ಯಾರು?"

ಯಾರೂ ಇಲ್ಲ ಎಂದೆ. ಅವರು ನನ್ನನ್ನು ನೋಡಿದ ರೀತಿ ನನಗೆ ತಡೆಯಲಾಗಲಿಲ್ಲ. ಅವರಿಗೆ ಏನಾದರೂ ಗೊತ್ತಿತ್ತೋ, ಅಥವಾ ನನ್ನ ಮುಖದ ಬಣ್ಣ ಬದಲಾದದ್ದನ್ನು ನೋಡಿದರೋ, ನಾನು ಎಂದೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಅವತ್ತು ಅವರು ಇಷ್ಟೇ ಹೇಳಿದರು: "ಊರಾಗ ನಿಮ್ಮ ಅಣ್ಣ ಇದ್ದಾನಲ್ಲ. ಹೋಗಿ ಊಟ ಮಾಡಿ ಬಾ. ನಾಳಿ ನೋಡೋಣು."

ಮರುದಿನ ಅದೇ ಜಾಗಕ್ಕೆ ಮತ್ತೆ ಬಣ್ಣ ಹಾಕಿದೆವು. ಏನೂ ಬರಲಿಲ್ಲ. ಎರಡು ಸಲ ನೋಡಿದೆವು. ವಾರದ ಮೇಲೆ ಹೈದರಾಬಾದಿನಿಂದ ಯಂತ್ರ ತಂದು ಶಬ್ದದ ಅಲೆ ಹಾಯಿಸಿ ಪರೀಕ್ಷೆ ಮಾಡುವ ಎಂಜಿನಿಯರ್ ಒಬ್ಬರು ಬಂದರು. ಪ್ಲೇಟು ಒಳಗೂ ಹೊರಗೂ ನಿರ್ದೋಷ ಎಂದರು. ನಾವು ಕಂಡದ್ದನ್ನು ಹೇಳಿದಾಗ, ಸೆಖೆಯಲ್ಲಿ ಬಣ್ಣ ಬೇಗ ಒಣಗಿ ಹೀಗೆಲ್ಲ ಮೋಸ ಮಾಡುತ್ತದೆ, ಕೈಯ ಬಣ್ಣವೂ ತಾಗಿರಬಹುದು ಎಂದರು. ಇರಬಹುದು. ಒಮ್ಮೆ ತಾಗಬಹುದು. ಉಜ್ಜಿ ತೆಗೆದ ಮೇಲೆ, ಬೇರೆಯವರ ಕೈಯಲ್ಲಿ, ಬೇರೆ ಡಬ್ಬಿಯಿಂದ, ಅದೇ ಜಾಗದಲ್ಲಿ ಅದೇ ಆಕಾರ ಹೇಗೆ ಬಂತು ಎಂದರೆ ಅವರು ಯಂತ್ರದ ತಂತಿ ಸುತ್ತತೊಡಗಿದರು. ಅವರು ಓದಿದವರು, ನಾನು ಹೆಚ್ಚು ಒತ್ತಾಯ ಮಾಡಲಿಲ್ಲ.

ನನ್ನ ತಲೆಯಲ್ಲಿದ್ದದ್ದೇ ಕಣ್ಣಿಗೆ ಕಂಡಿತೇ ಎಂದು ನಾನೂ ಯೋಚಿಸಿದ್ದೇನೆ. ಹಾಗಾದರೆ ಮಿಸ್ತ್ರಿಯ ಕಣ್ಣಿಗೆ ಯಾಕೆ ಕಾಣಬೇಕು? ಅವರ ತಲೆಯಲ್ಲಿ ಅದು ಇರಲಿಲ್ಲ. ಬಹಳ ವರ್ಷಗಳ ಮೇಲೆ ಅಣ್ಣನಿಗೂ ಈ ಗುರುತಿನ ವಿಷಯ ಹೇಳಿದೆ. ಅವನು ಪೂರ್ತಿ ಕೇಳಿ, "ಕೈಯಾಗಿನ ಬಣ್ಣ ತಾಗಿರಬೇಕಲೇ" ಎಂದು ಎದ್ದು ಹೋದ. ಇದನ್ನು ಬರೆಯುತ್ತೇನೆ, ನಿನ್ನ ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ, "ನಂದು ಹಾಕು, ನಡೀತದ. ನಿಂದು ಹಾಕಬ್ಯಾಡ, ಇನ್ನಾ ಕೆಲಸ ಮಾಡಾವ ಇದ್ದೀ" ಎಂದ. ಅದಕ್ಕೇ ಇಲ್ಲಿ ನನ್ನ ಹೆಸರಿಲ್ಲ.

ಮೂರು ಸಲ ಬಂದದ್ದಕ್ಕೂ ಮರುದಿನ ಬರದಿದ್ದದ್ದಕ್ಕೂ ನಡುವೆ ನಾನು ಒಂದು ಕೆಲಸ ಮಾಡಿದ್ದೆ. ಇದಕ್ಕೂ ಅದಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಎಂದು ಹೇಳುವ ಧೈರ್ಯವೂ ಇಲ್ಲ. ನಡೆದದ್ದನ್ನು ನಡೆದಂತೆ ಹೇಳಿ ಮುಗಿಸುತ್ತೇನೆ.

ಆ ಮಧ್ಯಾಹ್ನ ಮಿಸ್ತ್ರಿ ಹೇಳಿದಂತೆ ಅಣ್ಣನಲ್ಲಿಗೆ ನಡೆದುಹೋದೆ. ಸಂತೆಯ ದಿನ, ಗಿರಣಿಯಲ್ಲಿ ಗದ್ದಲ. ಜೋಳದ ಬುಟ್ಟಿ ಇಟ್ಟುಕೊಂಡು ಏಳೆಂಟು ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ಯಂತ್ರದ ಪಟ್ಟಾ ತಿರುಗುವ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಅಣ್ಣ ಮೈಯೆಲ್ಲ ಹಿಟ್ಟಾಗಿ, ಎಡಗೈಯಲ್ಲಿ ಜೋಳ ಸುರಿಯುತ್ತ, ಮಡಚಿದ ಬಲಗೈಯಿಂದ ಚೀಲದ ಬಾಯಿಯನ್ನು ಒತ್ತಿ ಹಿಡಿದಿದ್ದ. ನನ್ನನ್ನು ನೋಡಿ, ಒಳಗೆ ಹೋಗು, ವೈನಿ ರೊಟ್ಟಿ ಬಡಿಯುತ್ತಿದ್ದಾಳೆ ಎಂದು ತಲೆಯಲ್ಲೇ ಸನ್ನೆ ಮಾಡಿದ.

ನಾನು ಅವನ ಕಿವಿಯ ಹತ್ತಿರ ಹೋಗಿ ಹೇಳಿದೆ. ಎಲ್ಲವನ್ನೂ ಹೇಳಿದೆ. ಆದರೆ ಎಷ್ಟು ಮೆಲ್ಲಗೆ ಹೇಳಿದೆನೆಂದರೆ ನನಗೇ ಕೇಳಿಸಲಿಲ್ಲ. ಸದ್ದಿನಲ್ಲಿ ಕೇಳದೆ ಹೋಗಲಿ, ಹೇಳಿದ್ದೂ ಆಗಲಿ ಎಂಬ ಆಸೆ ಒಳಗೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅಣ್ಣ ನನ್ನ ತುಟಿ ನೋಡಿದ. ಕಣ್ಣು ನೋಡಿದ. ಚೀಲ ಕೆಳಗಿಟ್ಟು, ಹೋಗಿ ಮೋಟರಿನ ಗುಂಡಿ ಇಳಿಸಿದ. ಪಟ್ಟಾ ತಿರುಗಿ ತಿರುಗಿ ನಿಂತಿತು. ಹೆಣ್ಣುಮಕ್ಕಳೆಲ್ಲ ಕರೆಂಟ್ ಹೋಯಿತೇ ಎಂದು ಮೇಲೆ ನೋಡಿ, ಆಮೇಲೆ ನಮ್ಮನ್ನು ನೋಡಿದರು.

"ಏನಂದಿ? ಕೇಳಸಲಿಲ್ಲ," ಎಂದ ಅಣ್ಣ.

ಅಷ್ಟು ಮೌನದಲ್ಲಿ, ಅಷ್ಟು ಜನರ ಎದುರು, ನಾನು ಗಟ್ಟಿಯಾಗಿ ಹೇಳಿದೆ:

"ಅಣ್ಣಾ, ನಿನ್ನ ಬೆಸುಗಿ ಒಳಗ ಕೂಡಿತ್ತು. ಬಿರುಕು ಮ್ಯಾಲೇ ಇತ್ತು, ನೀ ಬೆರಳ ಇಟ್ಟು ತೋರಿಸಿದ ಜಾಗದಾಗೇ ಇತ್ತು. ಮ್ಯಾಚ್ ನೋಡಾಕ ಹೋಗಬೇಕಂತ ನಾ ಕಾಯಲಿಲ್ಲ. ಆಮ್ಯಾಲ ಕಂಡಿತ್ತು, ಒರೆಸಿಬಿಟ್ಟು ಏನೂ ಇಲ್ಲ ಅಂತ ನಿನಗ ಸುಳ್ಳ ಹೇಳಿದೆ. ನಿನ್ನ ಕೈ ಕೆಟ್ಟಿರಲಿಲ್ಲ ಅಣ್ಣಾ. ತಪ್ಪ ನಂದು. ಅದನ್ನ ಹೊಟ್ಟ್ಯಾಗ ಹಾಕ್ಕೋ."